ತೆಗೆದು ನೋಡಿದ್ಯಾ?

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಕಣ್ಣಿನ ಕ್ಲಿನಿಕ್ಕಿನ ಫೋನ್ ಬಡಿದುಕೊಂಡರೆ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಎತ್ತಿದ ಕೂಡಲೇ ಆ ಕಡೆಯಿಂದ ಒಂದೇ ಮಾತು: "ನಾನು." ಅದರ ಬೆನ್ನಿಗೇ ಇನ್ನೊಂದು: "ತೆಗೆದು ನೋಡಿದ್ಯಾ?" ನಾನು "ನೋಡಿದೆ ಸರ್, ಉಂಟು" ಎಂದರೆ ಅಲ್ಲಿಗೆ ಮುಗಿಯಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಊರಿನವರ ಮಾತನ್ನು ಅಲ್ಲಿಂದಿಲ್ಲಿಗೆ ದಾಟಿಸಿದ ಮನುಷ್ಯ ತಾನು ಮಾತ್ರ ಫೋನಿನಲ್ಲಿ ಇಷ್ಟು ಜಿಪುಣತನ ಮಾಡುವುದನ್ನು ಕಂಡು ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. "ಇವರಿಗೆ ಹೆಸರಿಲ್ಲವಾ?" ಎಂದು ರಿಸೀವರ್ ಇಟ್ಟ ಮೇಲೆ ಗೊಣಗುತ್ತಿದ್ದೆ. ಆಮೇಲೆ ಅದು ಅಭ್ಯಾಸವಾಯಿತು.

ಕಳೆದ ತಿಂಗಳ ಒಂದು ಶನಿವಾರ ಆ ಫೋನ್ ಬರಲಿಲ್ಲ. ಸೋಮವಾರ ಅದೇ ನಂಬರಿನಿಂದ ಬಂತು. ನಾನು ಎತ್ತಿ ಕಾದೆ. "ನಾನು" ಎಂಬ ಮಾತು ಬರಲಿಲ್ಲ. ಅವರ ಹೆಂಡತಿ. "ಶುಕ್ರವಾರ ಬೆಳಿಗ್ಗೆ ಹೋದರು. ಶನಿವಾರ ನೀವು ಕಾದಿರಬಹುದು ಅಂತ ನನಗೆ ಇವತ್ತು ನೆನಪಾಯಿತು" ಎಂದರು. ಸಾವಿನ ಮನೆಯಲ್ಲಿ ಕುಳಿತು ಆ ಹೆಂಗಸು ನನ್ನ ಶನಿವಾರವನ್ನು ನೆನಪು ಮಾಡಿಕೊಂಡದ್ದು ಕೇಳಿ ನನಗೆ ಅಳು ಬಂತು. ಹೊರಗೆ ಬೆಂಚಿನಲ್ಲಿ ಆರು ಜನ ರೋಗಿಗಳಿದ್ದರು. ಮುಖ ತೊಳೆದುಕೊಂಡು ಬಂದು ಕೆಲಸ ಮುಂದುವರಿಸಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾನೇ ಹೇಳಿಕೊಳ್ಳದ ಹೆಸರನ್ನು ನಾನು ಡಂಗುರ ಸಾರುವುದು ಚಂದವಲ್ಲ. ಪಾಣೆಮಂಗಳೂರಿನವರು. ನಾವೆಲ್ಲ 'ಎಕ್ಸ್‌ಚೇಂಜ್ ಸರ್' ಎನ್ನುತ್ತಿದ್ದೆವು.

ನಾನು ಗುರುವಾಯನಕೆರೆಯ ಈ ಸಣ್ಣ ಕ್ಲಿನಿಕ್ಕಿನಲ್ಲಿ ಕಣ್ಣಿನ ಒಳಭಾಗದ ಫೋಟೋ ತೆಗೆಯುವವಳು. ಗಲ್ಲವನ್ನು ಕ್ಯಾಮೆರಾದ ತಟ್ಟೆಯ ಮೇಲೆ ಇಡಿಸಿ "ಹಸಿರು ಚುಕ್ಕೆ ನೋಡಿ, ರೆಪ್ಪೆ ಬಡಿಯಬೇಡಿ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಒತ್ತಿದರೆ ಕಿತ್ತಳೆ ಬಣ್ಣದ ದುಂಡಗಿನ ಚಿತ್ರವೊಂದು ಪರದೆಗೆ ಬರುತ್ತದೆ. ಡಾಕ್ಟರಿಗೆ ಅದೊಂದೇ ಸಾಲದು. ಹೋದ ವರ್ಷದ್ದೂ ಬೇಕು, ಅದರ ಹಿಂದಿನದ್ದೂ ಬೇಕು. ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ಕಣ್ಣಿನ ನರ ಸವೆಯುತ್ತಿದೆಯೋ ಇಲ್ಲವೋ ತಿಳಿಯುವುದು. ಹಾಗಾಗಿ ಕ್ಯಾಮೆರಾ ಕೋಣೆಯ ಕಂಪ್ಯೂಟರಿನಲ್ಲಿ ಇರುವುದೆಲ್ಲ ದಿನಕ್ಕೊಮ್ಮೆ, ಗೊತ್ತುಪಡಿಸಿದ ಹೊತ್ತಿಗೆ, ತಾನಾಗಿ ನಕಲಾಗಿ ಡಾಕ್ಟರ ಕೋಣೆಯ ಕಪಾಟಿನ ಮೇಲಿರುವ ಕಪ್ಪು ಪೆಟ್ಟಿಗೆಗೆ ಹೋಗಬೇಕು. ನಡುವೆ ಒಂದು ನೀಲಿ ಕೇಬಲ್. ಪೆಟ್ಟಿಗೆಯನ್ನು ನೆಟ್‌ವರ್ಕ್ ಡ್ರೈವ್ ಎನ್ನುತ್ತಾರೆ, ಈ ನಕಲಿಗೆ ಬ್ಯಾಕಪ್ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಇಷ್ಟು ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಅವರು ಬಂದದ್ದು ರೋಗಿಯಾಗಿ. ಆಗಷ್ಟೇ ನಿವೃತ್ತರಾಗಿದ್ದರು. ಕಣ್ಣಿನ ಒತ್ತಡದ ಕಾಯಿಲೆ, ಗ್ಲಾಕೋಮಾ, ಎಡಗಣ್ಣಿಗೆ ಹೆಚ್ಚು. ಜೂನ್ ತಿಂಗಳು, ಹೊರಗೆ ಮಳೆ ಜಡಿಯುತ್ತಿತ್ತು. ಪಾಪೆ ಹಿಗ್ಗುವ ಹನಿಗಳನ್ನು ಹಾಕಿ ಅವರನ್ನು ಬೆಂಚಿನಲ್ಲಿ ಕೂರಿಸಿದ್ದೆವು. ಹನಿ ಹಿಡಿಯಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಎಲ್ಲ ಮಂಜುಮಂಜು. ನಾನು ಒಳಗೆ ಕಂಪ್ಯೂಟರಿಗೆ ಬೈಯುತ್ತಿದ್ದೆ. ಪ್ರತಿದಿನ ಬೆಳಿಗ್ಗೆ ಪರದೆಯ ಮೇಲೆ ಏನೋ ಒಂದು ಚೀಟಿ ಬರುತ್ತಿತ್ತು. ನಾನು ಓಕೆ ಒತ್ತುತ್ತಿದ್ದೆ, ಅದು ಹೋಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು.

"ದಾನೆ ಆಂಡ್?" ಎಂದು ಬೆಂಚಿನಿಂದ ಕೇಳಿತು. ಏನಾಯಿತು ಎಂದು.

"ಏನೋ ಬರ್ತದೆ ಸರ್, ದಿನಾ ಬರ್ತದೆ."

ಅವರು ಗೋಡೆ ಮುಟ್ಟುತ್ತಾ ಒಳಗೆ ಬಂದರು. ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿದರು. ಯಂತ್ರ ಯಾವುದೇ ಇರಲಿ, ಮುಟ್ಟುವ ಮೊದಲು ಗಡಿಯಾರ ಬಿಚ್ಚುವುದು ಅವರ ಕ್ರಮ. "ಏನೋ ಅಂದರೆ ಏನು? ನನಗೆ ಈಗ ಕಾಣುವುದಿಲ್ಲ. ನೀವು ಓದಿ. ಅರ್ಧ ಓದಿ ಬಿಡಬೇಡಿ" ಎಂದರು. ನಾವು ಮಾತು ಶುರು ಮಾಡಿದ್ದು ತುಳುವಿನಲ್ಲಿ. ಆದರೆ ಯಂತ್ರದ ವಿಷಯ ಬಂದ ತಕ್ಷಣ ಅವರು ಕನ್ನಡಕ್ಕೆ ದಾಟುತ್ತಿದ್ದರು. ಅದು ಕಚೇರಿಯ ಕೆಲಸ, ಕಚೇರಿಯ ಭಾಷೆಯಲ್ಲೇ ಆಗಬೇಕು ಎಂಬ ಹಾಗೆ.

ಚೀಟಿಯನ್ನು ಪೂರ್ತಿ ಓದಿದೆ. ಗೊತ್ತುಪಡಿಸಿದ ಸಮಯದಲ್ಲಿ ಕಂಪ್ಯೂಟರ್ ಚಾಲೂ ಇಲ್ಲದ ಕಾರಣ ಬ್ಯಾಕಪ್ ಆಗಿಲ್ಲ ಎಂದಿತ್ತು.

"ಎಷ್ಟು ಗಂಟೆಗೆ ಇಟ್ಟಿದ್ದಾರೆ?"

"ರಾತ್ರಿ ಒಂಬತ್ತಕ್ಕೆ."

"ನೀವು ಬಾಗಿಲು ಹಾಕುವುದು?"

"ಆರಕ್ಕೆ."

"ಹಾಕುವಾಗ ಮೈನ್ ಸ್ವಿಚ್?"

"ಆಫ್ ಮಾಡ್ತೇವೆ ಸರ್. ಸಿಡಿಲು ಗಿಡಿಲು ಬಂದರೆ?"

ಅವರು ನಕ್ಕರು. "ಹಾಗಾದರೆ ಒಂಬತ್ತಕ್ಕೆ ನಕಲು ಮಾಡುವುದು ಯಾರು ಮಾರಾಯ್ತಿ, ಗೋಡೆಯ ಹಲ್ಲಿಯಾ?"

ಕ್ಯಾಮೆರಾ ಜೋಡಿಸಿ ಹೋದವರು ಯಾವುದೋ ದೊಡ್ಡ ಊರಿನ ಲೆಕ್ಕದಲ್ಲಿ ರಾತ್ರಿಯ ಹೊತ್ತನ್ನು ಇಟ್ಟು ಹೋಗಿದ್ದರು. ನಮ್ಮ ಕಡೆ ಅಂಗಡಿ ಮುಚ್ಚುವವರು ಮೊದಲು ಮೈನ್ ಸ್ವಿಚ್ ಇಳಿಸಿ ಆಮೇಲೆ ಬೀಗ ಹಾಕುವುದು ಅವರಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ತಿಂಗಳಿನಿಂದ ಆ ಕಪ್ಪು ಪೆಟ್ಟಿಗೆಗೆ ಒಂದು ಚಿತ್ರವೂ ಹೋಗಿರಲಿಲ್ಲ. ಡಾಕ್ಟರು ಮಾತ್ರ ಎಲ್ಲವೂ ಭದ್ರವಾಗಿ ಉಂಟು ಎಂದು ನೆಮ್ಮದಿಯಲ್ಲಿದ್ದರು. ಎಕ್ಸ್‌ಚೇಂಜ್ ಸರ್ ಮುಂದಿನ ಶನಿವಾರ ಬಸ್ಸಿನಲ್ಲಿ ಬಂದು ಹೊತ್ತನ್ನು ಮಧ್ಯಾಹ್ನ ಒಂದೂವರೆಗೆ ಬದಲಿಸಿದರು. ಆಗ ಡಾಕ್ಟರು ಊಟಕ್ಕೆ ಹೋಗುತ್ತಾರೆ, ಕ್ಯಾಮೆರಾ ಸುಮ್ಮನಿರುತ್ತದೆ. ಅಂದಿನಿಂದ ಪ್ರತಿ ಶನಿವಾರ ಬರತೊಡಗಿದರು. ಡಾಕ್ಟರು ಏನಾದರೂ ಕೊಡಲು ಹೋದರೆ "ಬೊಡ್ಚಿ, ಬೊಡ್ಚಿ" ಎಂದು ಕೈ ಆಡಿಸುತ್ತಿದ್ದರು. ಪಕ್ಕದ ಹೋಟೆಲಿನ ಬನ್ಸು ಮತ್ತು ಚಾ ಮಾತ್ರ ಬೇಡವೆನ್ನುತ್ತಿರಲಿಲ್ಲ.

ಬಂದವರು ಮೊದಲು ಪೆಟ್ಟಿಗೆಗೆ ಕಿವಿ ಕೊಡುತ್ತಿದ್ದರು. ಒಳಗಿನ ಡಿಸ್ಕು ತಿರುಗುವ ಸದ್ದು ಕೇಳಿ "ಓಡ್ತಾ ಉಂಟು" ಎನ್ನುತ್ತಿದ್ದರು. ಕೇಬಲನ್ನು ಎರಡು ಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಸವರುತ್ತಿದ್ದರು. ಎಲ್ಲಿ ಮಡಚಿದೆ, ಎಲ್ಲಿ ಇಲಿ ಹಲ್ಲು ಹಾಕಿದೆ, ಎಲ್ಲ ಬೆರಳಿಗೇ ತಿಳಿಯುತ್ತಿತ್ತು. ಪೆಟ್ಟಿಗೆಯ ಹಸಿರು ದೀಪವನ್ನು ಮಾತ್ರ ನಂಬುತ್ತಲೇ ಇರಲಿಲ್ಲ. "ಅದು ಕರೆಂಟ್ ಉಂಟು ಅಂತ ಹೇಳುವ ದೀಪ. ಚಿತ್ರ ಉಂಟು ಅಂತ ಅದು ಎಲ್ಲಿ ಹೇಳಿದೆ?" ಎನ್ನುತ್ತಿದ್ದರು. ಪೆಟ್ಟಿಗೆಗೆ ಹೋದ ಒಂದು ಚಿತ್ರವನ್ನು ಹಿಂದಕ್ಕೆ ತರಿಸಿ, ಪರದೆಯ ಮೇಲೆ ಬಿಡಿಸಿ, ಕಣ್ಣಾರೆ ನೋಡಬೇಕು. ಅದಾದ ಮೇಲೆಯೇ ಅವರಿಗೆ ಸಮಾಧಾನ. "ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಮಳೆಗಾಲದ ಆಟಿ ತಿಂಗಳಲ್ಲಿ ತೆಗೆಯುವಾಗ ಕೊಳೆತುಹೋಗಿದ್ದರೆ, ಭರಣಿ ತುಂಬಾ ಹಾಕಿದ್ದೆ ಅಂತ ಹೇಳಿ ಏನು ಪ್ರಯೋಜನ?" ಇದನ್ನು ನಾನು ನೂರು ಸಲ ಕೇಳಿದ್ದೇನೆ.

ಪರೀಕ್ಷೆಗೆ ಯಾವ ಚಿತ್ರ? ಮೊದಲ ದಿನ ನಾನು ಕೈಗೆ ಸಿಕ್ಕಿದ ಯಾರದೋ ಫೈಲ್ ತೆರೆಯಹೊರಟಿದ್ದೆ. ತಡೆದರು. "ಬೇರೆಯವರ ಕಣ್ಣಿನ ಒಳಗೆ ಇಣುಕುವ ಅಧಿಕಾರ ನನಗಿಲ್ಲ. ಎಕ್ಸ್‌ಚೇಂಜಿನಲ್ಲಿ ಇರುವಾಗ ಲೈನ್ ಪರೀಕ್ಷೆ ಮಾಡಬೇಕಾದರೆ ನಾನು ನನ್ನ ಮನೆಗೇ ಫೋನ್ ಮಾಡ್ತಿದ್ದೆ. ನನ್ನದೇ ತೆಗೆ." ಹಾಗೆ ಪ್ರತಿ ಶನಿವಾರ ಅವರದೇ ಎಡಗಣ್ಣು, ಜೂನ್ ತಿಂಗಳ ಆ ಮೊದಲ ಫೋಟೋ, ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಆ ಮೇಲೆ, ಯಾರ ಫೈಲನ್ನೂ ತೆರೆಯದೆ, ಪೆಟ್ಟಿಗೆಗೆ ಕೊನೆಗೆ ಬಂದ ಫೈಲ್ ಯಾವ ದಿನದ್ದೆಂದು ಮಾತ್ರ ನೋಡಿ, ಒಂದು ಉದ್ದ ಪುಸ್ತಕದಲ್ಲಿ ದಿನಾಂಕ ಬರೆದು ಸರಿ ಗುರುತು ಹಾಕುವುದು.

ಅವರಿಗೆ ಮೂಡುಬಿದಿರೆಯಲ್ಲೂ ಒಂದು ಭಕ್ತವೃಂದವಿತ್ತು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ಬ್ಯಾಕಪ್ ನಿಂತಾಗ ಮಾಲೀಕರು ಹೊಸ ಪೆಟ್ಟಿಗೆಯನ್ನೇ ತರಲು ಹೊರಟಿದ್ದರಂತೆ. ಇವರು ಹೋಗಿ ಮೂಸಿ ನೋಡಿದರು. ನಿಜವಾಗಿ ಮೂಸಿಯೇ ನೋಡಿದ್ದು. ಕೇಬಲ್ ಸಿಕ್ಕಿಸುವ ತೂತಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಇನ್ನೊಮ್ಮೆ ನಮ್ಮ ಡಾಕ್ಟರು ಮೊಬೈಲಿನಲ್ಲಿ ಬಂದ ಯಾವುದೋ ಎಚ್ಚರಿಕೆ ಓದಿ ಗಾಬರಿಯಾಗಿ ಪೆಟ್ಟಿಗೆಯ ಪಾಸ್‌ವರ್ಡ್ ಬದಲಿಸಿಬಿಟ್ಟರು. ಬ್ಯಾಕಪ್ಪಿಗೆ ಹೊಸದನ್ನು ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. "ಬೀಗ ಬದಲಿಸಿದಿರಿ ಡಾಕ್ಟರೇ, ಸರಿ. ಕೆಲಸದವನ ಕೈಯಲ್ಲಿ ಇರುವುದು ಹಳೇ ಕೀಲಿಕೈ. ಪಾಪ, ಅವನು ದಿನಾ ಬಂದು ಬಾಗಿಲು ತಟ್ಟಿ ಹೋಗ್ತಾ ಇದ್ದಾನೆ" ಎಂದರು. ಡಾಕ್ಟರಿಗೆ ಹಾಗೆ ಹೇಳುವ ಧೈರ್ಯ ಇಡೀ ತಾಲೂಕಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಇನ್ನು ನನ್ನ ವಿಷಯ. ಇದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಹೇಳಲು ಮನಸ್ಸಿಲ್ಲದೆ ಇಷ್ಟು ಸುತ್ತು ಹಾಕಿದ್ದೇನೆ.

ನನ್ನ ತಾಯಿಮನೆ ಮುಂಡಾಜೆ. ಘಟ್ಟದ ಬುಡದ ಊರು, ಅಲ್ಲಿ ಸಿಡಿಲೆಂದರೆ ಬರೀ ಸದ್ದಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಮೀಟರ್ ಬೋರ್ಡು ಸಿಡಿಯಿತು. ಪಕ್ಕದಲ್ಲಿ ನಿಂತಿದ್ದ ಅಮ್ಮನ ಬಲಗಿವಿ ಅಂದಿನಿಂದ ಕೇಳುವುದಿಲ್ಲ. ಮೂಡಣದಲ್ಲಿ ಮೋಡ ಕಪ್ಪಾದರೆ ಸಾಕು, ಗೋಡೆಯಲ್ಲಿರುವ ವಯರುಗಳನ್ನೆಲ್ಲ ಕಿತ್ತು ಹಾಕುವುದು ನಮ್ಮ ಮನೆಯ ಪದ್ಧತಿ. ನಮ್ಮದೇನು, ಇಲ್ಲಿ ಎಲ್ಲ ಮನೆಯದ್ದೂ.

ಎಕ್ಸ್‌ಚೇಂಜ್ ಸರ್ ಬ್ಯಾಕಪ್ಪಿನ ಹೊತ್ತು ಬದಲಿಸಿದ್ದು ಮಳೆಗಾಲದ ಶುರುವಿನಲ್ಲಿ. ಆ ಮಳೆಯಲ್ಲಿ ಸಿಡಿಲು ಕಡಿಮೆ. ಅಕ್ಟೋಬರ್ ಬಂತು. ದಿನವೂ ಮಧ್ಯಾಹ್ನದ ಮೇಲೆ ಗುಡುಗು. ಒಂದು ಗಂಟೆಗೆ ಊಟಕ್ಕೆ ಕೂರುವ ಮೊದಲು ನಾನು ಆ ಪೆಟ್ಟಿಗೆಯ ಪ್ಲಗ್ಗನ್ನೂ ನೀಲಿ ಕೇಬಲನ್ನೂ ಎಳೆದಿಡುತ್ತಿದ್ದೆ. ಎರಡಕ್ಕೆ ಮತ್ತೆ ಸಿಕ್ಕಿಸುತ್ತಿದ್ದೆ. ಒಂದೂವರೆಗೆ ಬ್ಯಾಕಪ್ ಹೊರಟರೆ ಆ ಕಡೆ ಪೆಟ್ಟಿಗೆಯೇ ಇಲ್ಲ. ಪರದೆಯ ಮೇಲೆ ಚೀಟಿ ಬರುತ್ತಿತ್ತು. ಯಾಕೆ ಬಂತೆಂದು ನನಗೆ ಗೊತ್ತಿತ್ತು, ಓಕೆ ಒತ್ತುತ್ತಿದ್ದೆ. ನಾಳೆ ಒಟ್ಟಿಗೆ ಎಲ್ಲವೂ ಹೋಗುತ್ತದೆ ಎಂದುಕೊಳ್ಳುತ್ತಿದ್ದೆ. ನಾಳೆಯೂ ಮೋಡವಾಗುತ್ತಿತ್ತು.

ಆಗಲೇ ಅವರು ಮಂಗಳೂರಿಗೆ ಹೋದದ್ದು, ಎಡಗಣ್ಣಿನ ಆಪರೇಶನ್ನಿಗೆ. ಹಿಂದಿನ ದಿನ ನಾನೇ ಅವರ ಕಣ್ಣಿನ ಫೋಟೋ ತೆಗೆದೆ. ಹೋಗುವಾಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟು "ನಾನು ಬರುವ ತನಕ ಶನಿವಾರ ನೀನೇ ತೆಗೆದು ನೋಡು" ಎಂದರು. ಆಯಿತು ಎಂದೆ. ಒಂದು ಶನಿವಾರವೂ ನೋಡಲಿಲ್ಲ. ರೋಗಿಗಳು ಹೆಚ್ಚಿದ್ದರು ಎಂಬುದು ನೆಪ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು, ದಿನಾಂಕ ಬರೆದು ಸರಿ ಗುರುತು ಹಾಕಿದೆ. ಏಳು ಶನಿವಾರ, ಏಳು ಗುರುತು.

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಕ್ಯಾಮೆರಾ ಕೋಣೆಯ ಕಂಪ್ಯೂಟರ್ ಏಳಲಿಲ್ಲ. ಸಿಡಿಲು ಹೊಡೆದದ್ದಲ್ಲ, ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಡಿಸ್ಕು ಟಿಕ್ ಟಿಕ್ ಎಂದು ನಾಲ್ಕು ಸಲ ಹೇಳಿ ಸುಮ್ಮನಾಯಿತು. "ಪೆಟ್ಟಿಗೆಯಲ್ಲಿ ಉಂಟಲ್ಲ" ಎಂದರು ಡಾಕ್ಟರು ಆರಾಮವಾಗಿ. ನಾನು ಪೆಟ್ಟಿಗೆಯನ್ನು ತೆರೆದು ನೋಡಿದೆ. ಪೆಟ್ಟಿಗೆಯಲ್ಲಿದ್ದದ್ದು ಅಕ್ಟೋಬರ್ ಮೊದಲ ವಾರದ ವರೆಗೆ ಮಾತ್ರ. ಅದರ ನಂತರದ ಏಳು ವಾರದ ಕಣ್ಣುಗಳು ಎಲ್ಲಿಯೂ ಇರಲಿಲ್ಲ.

ಡಾಕ್ಟರು ಎಕ್ಸ್‌ಚೇಂಜ್ ಸರ್ ಅವರಿಗೆ ಹೇಳಿ ಕಳಿಸಿದರು. ಅವರು ಮರುದಿನವೇ ಬಂದರು, ಎಡಗಣ್ಣಿಗೆ ಇನ್ನೂ ಪ್ಲಾಸ್ಟಿಕ್ ಮುಚ್ಚಳ ಇತ್ತು. ಗಡಿಯಾರ ಬಿಚ್ಚಿ ಕಿಸೆಗೆ ಹಾಕಿದರು. ಪೆಟ್ಟಿಗೆಗೆ ಕಿವಿ ಕೊಟ್ಟರು. ನೀಲಿ ಕೇಬಲನ್ನು ಸವರುತ್ತಾ ಬಂದು ತುದಿಯಲ್ಲಿ ಬೆರಳು ನಿಲ್ಲಿಸಿದರು. ದಿನಾ ಎಳೆದೆಳೆದು ಅದರ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಆಮೇಲೆ ಪುಸ್ತಕ ತೆರೆದು ಬಲಗಣ್ಣಿನ ಹತ್ತಿರ ಹಿಡಿದು ನನ್ನ ಏಳು ಗುರುತುಗಳನ್ನು ಒಂದೊಂದಾಗಿ ನೋಡಿದರು. ನಾನು ಬಾಗಿಲ ಬಳಿ ನಿಂತಿದ್ದೆ. ನನ್ನ ಗಂಡ ಆಗ ಕೆಲಸವಿಲ್ಲದೆ ಮನೆಯಲ್ಲಿದ್ದರು. ಈ ಕೆಲಸ ಹೋದರೆ ಮನೆ ನಡೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

"ಯಾರ ತಪ್ಪು ಇದು?" ಎಂದು ಡಾಕ್ಟರು ಕೇಳಿದರು. ಒಳ್ಳೆಯ ಮನುಷ್ಯ, ಆದರೆ ಅಂದು ಅವರ ಸ್ವರ ಏರಿತ್ತು.

ಎಕ್ಸ್‌ಚೇಂಜ್ ಸರ್ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ನನ್ನದು ಡಾಕ್ಟರೇ. ಸಿಡಿಲಿನ ಕಾಲದಲ್ಲಿ ಮಧ್ಯಾಹ್ನ ಒಂದೂವರೆಗೆ ಇಟ್ಟವ ನಾನು. ಆ ಹೊತ್ತಿಗೆ ಈ ಊರಿನಲ್ಲಿ ಯಾರು ವಯರ್ ಇಟ್ಟುಕೊಂಡು ಕೂರ್ತಾರೆ? ಬೇರೆ ಊರಿನವರು ರಾತ್ರಿ ಇಟ್ಟದ್ದಕ್ಕೆ ನಗಾಡಿದೆ. ಇಲ್ಲೇ ಹುಟ್ಟಿ ಬೆಳೆದವ, ನನಗೆ ತಲೆಗೆ ಹೋಗಬೇಕಿತ್ತು."

ಗುರುತುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. 

ಚಾ ಕುಡಿಯುವಾಗ ನಾವಿಬ್ಬರೇ ಇದ್ದೆವು. ನಾನು ಅಳಲು ಶುರು ಮಾಡಿದೆ. "ಪೋಡ್ಯೊಡ್ಚಿ" ಎಂದರು, ಹೆದರಬೇಡ ಎಂದು. ಆಮೇಲೆ ಕನ್ನಡಕ್ಕೆ ಬಂದರು. "ವಯರ್ ತೆಗೆದದ್ದಕ್ಕೆ ನಾನು ಬೈಯುವುದಿಲ್ಲ. ಸಿಡಿಲಿಗೆ ಹೆದರುವುದು ತಪ್ಪಲ್ಲ. ಆದರೆ ನೋಡದೆ ಸರಿ ಅಂತ ಹಾಕಿದಿಯಲ್ಲ, ಅದು ಬೇಡ. ಇನ್ನು ಗುರುತು ಹಾಕಬೇಡ. ಕಂಡದ್ದನ್ನು ಒಂದು ಸಾಲು ಬರೆ. ನೋಡದೆ ಗುರುತು ಹಾಕಬಹುದು, ಕಾಣದೆ ಬರೆಯಲಿಕ್ಕೆ ಆಗುವುದಿಲ್ಲ." ಅಷ್ಟೇ. ಮತ್ತೆ ಆ ಮಾತನ್ನು ಅವರು ಯಾವತ್ತೂ ಎತ್ತಲಿಲ್ಲ.

ಹೊತ್ತನ್ನು ಬೆಳಿಗ್ಗೆ ಹತ್ತೂಕಾಲಿಗೆ ತಂದರು. ಹತ್ತಕ್ಕೆ ಮೊದಲ ರೋಗಿಗಳಿಗೆ ಹನಿ ಹಾಕುತ್ತೇವೆ, ಅದು ಹಿಡಿಯುವ ಅರ್ಧ ಗಂಟೆ ಕ್ಯಾಮೆರಾಕ್ಕೆ ಕೆಲಸವಿಲ್ಲ, ಆಕಾಶದಲ್ಲಿ ಗುಡುಗೂ ಇರುವುದಿಲ್ಲ. ಮಧ್ಯಾಹ್ನ ನಾನು ಧಾರಾಳವಾಗಿ ವಯರ್ ಕೀಳಬಹುದು ಎಂದು ಡಾಕ್ಟರ ಎದುರೇ ಅಪ್ಪಣೆ ಕೊಡಿಸಿದರು. ಮುರಿದ ತುದಿಯನ್ನು ಕತ್ತರಿಸಿ ಹೊಸದು ಹಾಕಿದರು. ಆ ಕ್ರಮ ಇವತ್ತಿಗೂ ಹಾಗೆಯೇ ನಡೆಯುತ್ತಿದೆ.

ಏಳು ವಾರದ ರೋಗಿಗಳಿಗೆಲ್ಲ ನಾನು ಫೋನ್ ಮಾಡಿ ಕರೆಸಿ, ಮತ್ತೆ ಹನಿ ಹಾಕಿಸಿ, ಮತ್ತೆ ಫೋಟೋ ತೆಗೆದೆ. ಬೈದವರಿದ್ದಾರೆ. ಎಲ್ಲರದ್ದೂ ಸರಿಹೋಯಿತು, ಒಬ್ಬರದ್ದು ಬಿಟ್ಟು. ಆಪರೇಶನ್ ಆಗುವ ಮೊದಲಿನ ಕಣ್ಣನ್ನು ಆಪರೇಶನ್ ಆದ ಮೇಲೆ ತೆಗೆಯುವುದು ಹೇಗೆ? ಅವರ ಫೈಲಿನಲ್ಲಿ ಜೂನ್ ಆದ ಮೇಲೆ ನೇರವಾಗಿ ಡಿಸೆಂಬರ್. ಆಪರೇಶನ್ನಿನಿಂದ ಎಷ್ಟು ಉಳಿಯಿತು, ಎಷ್ಟು ಮೊದಲೇ ಹೋಗಿತ್ತು ಎಂದು ಹೋಲಿಸಲು ಡಾಕ್ಟರು ಆ ಖಾಲಿ ಜಾಗವನ್ನು ಎಷ್ಟೋ ಸಲ ಹುಡುಕಿದ್ದನ್ನು ನಾನು ನೋಡಿದ್ದೇನೆ. ಆ ಫೋಟೋ ಇದ್ದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದಲ್ಲ, ಡಾಕ್ಟರೇ ಹಾಗೆ ಹೇಳಿದ್ದಾರೆ. ಆದರೂ ಎಡಗಣ್ಣು ಮುಂದೆ ಪೂರ್ತಿ ಹೋಯಿತು. ಬಲಗಣ್ಣಿನ ನೋಟವೂ ಕೊಳವೆಯಲ್ಲಿ ನೋಡಿದ ಹಾಗೆ ಕಿರಿದಾಯಿತು. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸುವಾಗ ಒಂದು ಸಲ ಬಿದ್ದ ಮೇಲೆ ಅವರು ಬರುವುದನ್ನು ಬಿಟ್ಟರು, ಶನಿವಾರದ ಫೋನ್ ಶುರುವಾಯಿತು.

ಅವರು ತೀರಿಹೋದ ಸುದ್ದಿ ಬಂದ ವಾರ ಡಾಕ್ಟರು ಎಂದಿನಂತೆ ಹೇಳಿದರು: "ಅವರ ಫೈಲನ್ನು ಹಳೆಯವುಗಳ ಜೊತೆ ಬೇರೆ ಡಿಸ್ಕಿಗೆ ಹಾಕಿಬಿಡಿ." ತೀರಿಹೋದವರ ಫೈಲುಗಳನ್ನು ನಾವು ಹಾಗೆ ಮಾಡುತ್ತೇವೆ.

"ಅದು ಇಲ್ಲೇ ಇರಲಿ ಡಾಕ್ಟರೇ" ಎಂದೆ.

"ಯಾಕೆ?"

ಯಾಕೆ ಎಂದು ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಿದೆ. ಏಳು ಶನಿವಾರ, ಏಳು ಗುರುತು, ಮುರಿದ ತುದಿ, ಅವರ ಕಂಕುಳಲ್ಲಿ ಮುಚ್ಚಿಕೊಂಡ ಪುಸ್ತಕ. ಹತ್ತು ವರ್ಷ ಕಳೆದು, ನನ್ನನ್ನು ಕಾಯಲು ಅಡ್ಡ ನಿಂತ ಮನುಷ್ಯ ಹೋದ ಮೇಲೆ ಹೇಳುವುದರಲ್ಲಿ ದೊಡ್ಡ ಧೈರ್ಯವೇನೂ ಇಲ್ಲ, ಅದು ನನಗೂ ಗೊತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಅವತ್ತು ಅವರೊಬ್ಬರನ್ನೇ ಬೇರೆ ಕರೆದು ಜೋರು ಮಾಡಿದ್ದೆ. ನೀವು ಚಾ ಕುಡಿಯಲಿಕ್ಕೆ ಹೋಗುವ ಮೊದಲು" ಎಂದರು. ಅದು ನನಗೆ ಗೊತ್ತಿರಲಿಲ್ಲ. ಆಮೇಲೆ "ಫೈಲ್ ಇಲ್ಲೇ ಇರಲಿ" ಎಂದು ಎದ್ದು ಹೋದರು.

ಮೊನ್ನೆ ಶನಿವಾರ ಹನ್ನೆರಡಾಯಿತು. ಫೋನ್ ಸುಮ್ಮನಿತ್ತು. ಪೆಟ್ಟಿಗೆಯಿಂದ ಆ ಜೂನ್ ತಿಂಗಳ ಚಿತ್ರವನ್ನು ತರಿಸಿದೆ. ಪರದೆಯ ಮೇಲೆ ಅವರ ಎಡಗಣ್ಣು ತೆರೆಯಿತು. ಇನ್ನೂ ನೋಟವಿದ್ದ ದಿನದ್ದು, ಹನಿ ಹಾಕಿಸಿಕೊಂಡು ಗೋಡೆ ಮುಟ್ಟುತ್ತಾ ಒಳಗೆ ಬಂದ ದಿನದ್ದು. ಪುಸ್ತಕ ತೆಗೆದು ದಿನಾಂಕ ಹಾಕಿ, ಕೆಳಗೆ ಒಂದು ಸಾಲು ಬರೆದೆ: "ಎಡಗಣ್ಣು. ನರದ ಮೇಲ್ಗಡೆ ಸಣ್ಣ ರಕ್ತನಾಳ ಒಂದು ಕೊಕ್ಕೆಯ ಹಾಗೆ ಬಾಗಿದೆ. ತೆಗೆದು ನೋಡಿದೆ ಸರ್. ಉಂಟು."